ಬಿಟಿಯು ಅಂಕಿ ನೋಡಿ ಗ್ರಿಲ್ ಕೊಳ್ಳಬೇಡಿ

ಅಮೆರಿಕದಲ್ಲಿ ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆ ಬಂತೆಂದರೆ ಹಿತ್ತಲುಗಳಲ್ಲಿ ಬಾರ್ಬೆಕ್ಯೂ ಕಾಲ ಶುರು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೂ ಅದು ಜೋರಾಗಿಯೇ ಇರುತ್ತದೆ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಸ್ವಂತ ಮನೆ, ಹಿತ್ತಲು ಅಂತ ಆದಮೇಲೆ ಗ್ಯಾಸ್ ಗ್ರಿಲ್ ಹುಡುಕಿಕೊಂಡು ಹೊರಡುವುದುಂಟು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಗ್ರಿಲ್‌ಗಳ ಪೆಟ್ಟಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ದಪ್ಪಕ್ಷರದ ಬಿಟಿಯು ಅಂಕಿ: 30,000, 48,000, 60,000. ಅಂಕಿ ದೊಡ್ಡದಾದಷ್ಟೂ ಗ್ರಿಲ್ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ಅಂಕಿ ಹೇಳುವುದು ಗ್ರಿಲ್ ಗಂಟೆಗೆ ಎಷ್ಟು ಗ್ಯಾಸ್ ಸುಡಬಲ್ಲದು ಎಂಬುದನ್ನು ಮಾತ್ರ. ಹುಟ್ಟಿದ ಶಾಖದಲ್ಲಿ ಎಷ್ಟು ಪಾಲು ಜೋಳಕ್ಕೋ ಕೋಳಿಗೋ ತಲುಪುತ್ತದೆ, ಅದನ್ನು ನಾವು ಬೇಕಾದ ಕಡೆ ಬೇಕಾದಷ್ಟು ಹಿಡಿದಿಡಬಹುದೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಡುಗೆ ಮಾಡುವವರಿಗೆ ಬೇಕಾದದ್ದು ಉರಿಯ ಮೇಲಿನ ಹಿಡಿತ. ಗ್ರಿಲ್ಲಿಗೆ ಕೊಡುವ ಹಣವೆಲ್ಲ ಆ ಹಿಡಿತಕ್ಕೇ ಹೋಗಬೇಕು.

ಒಂದು ಪೌಂಡ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಶಾಖಕ್ಕೆ ಒಂದು ಬಿಟಿಯು ಎನ್ನುತ್ತಾರೆ. ಗಂಟೆಗೆ 36,000 ಬಿಟಿಯು ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 10.5 ಕಿಲೋವಾಟ್, ಎರಡು ಕಿಲೋವಾಟಿನ ಐದು ಸ್ನಾನದ ಗೀಸರ್‌ಗಳು ಒಟ್ಟಿಗೆ ಉರಿದಷ್ಟು. ಒಂದು ಮನೆಯ ಅಡುಗೆಗೆ ಇದು ಧಾರಾಳ. ಈಗ ಎರಡು ಗ್ರಿಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು 48,000 ಬಿಟಿಯುದ್ದು, ಅದರ ಜಾಲರಿ 700 ಚದರ ಇಂಚು. ಇನ್ನೊಂದು 36,000ದ್ದು, ಜಾಲರಿ 420 ಚದರ ಇಂಚು. ಭಾಗಿಸಿದರೆ ಮೊದಲನೆಯದಕ್ಕೆ ಚದರ ಇಂಚಿಗೆ 69 ಬಿಟಿಯು ಕೂಡ ಬರುವುದಿಲ್ಲ, ಎರಡನೆಯದಕ್ಕೆ ಸುಮಾರು 86 ಬರುತ್ತದೆ. ಅಂಕಿಯಲ್ಲಿ ಸೋತದ್ದೇ ಜಾಲರಿಯ ಮೇಲೆ ಹೆಚ್ಚು ಬಿಸಿ. ಈ ಭಾಗಾಕಾರವೂ ಪೂರ್ತಿ ಸತ್ಯವಲ್ಲ. ಮುಚ್ಚಳ ತೆಳ್ಳಗಿದ್ದು, ಹಿಂಬದಿಯಲ್ಲಿ ಅಗಲವಾದ ಸಂದಿಯಿದ್ದರೆ ಕಾವು ಅಲ್ಲಿಂದಲೇ ಹೊರಟುಹೋಗುತ್ತದೆ. ದಪ್ಪ ಗೋಡೆಯ, ಬಿಗಿಯಾಗಿ ಕೂರುವ ಮುಚ್ಚಳದ ಗ್ರಿಲ್ ಕಡಿಮೆ ಗ್ಯಾಸಿನಲ್ಲೇ ಅದಕ್ಕಿಂತ ಚೆನ್ನಾಗಿ ಕಾಯುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಕೆಲವೊಮ್ಮೆ ಸೋರುವ ಗ್ರಿಲ್ಲಿನ ಗುರುತೂ ಆಗಿರಬಹುದು. ಸೋರಿದ್ದನ್ನು ತುಂಬಿಕೊಳ್ಳಲು ತಯಾರಕರು ಬರ್ನರ್ ದೊಡ್ಡದು ಮಾಡಿರುತ್ತಾರೆ, ಅದಕ್ಕೆ ಬೇಕಾದ ಗ್ಯಾಸಿನ ಹಣವನ್ನು ಮನೆಯವರು ಕೊಡುತ್ತಿರುತ್ತಾರೆ. 20 ಪೌಂಡಿನ, ಅಂದರೆ ಒಂಬತ್ತು ಕೆ.ಜಿ.ಯ ಪ್ರೊಪೇನ್ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಶಾಖ ಇರುತ್ತದೆ. ಪೂರ್ತಿ ಉರಿಯಲ್ಲಿ ಇಟ್ಟರೆ 36,000ದ ಗ್ರಿಲ್ಲಿಗೆ ಅದು 12 ಗಂಟೆ ಬಂದೀತು, 60,000ದ್ದಕ್ಕೆ ಏಳು ಗಂಟೆ.

ಹಿಡಿತ ಯಾಕೆ ಬೇಕು ಎಂಬುದಕ್ಕೆ ಉತ್ತರ ಆಹಾರದಲ್ಲೇ ಇದೆ. ತರಕಾರಿಯಾಗಲಿ ಮಾಂಸವಾಗಲಿ, ಬಹುಪಾಲು ನೀರು. ಮೇಲ್ಮೈಯಲ್ಲಿ ನೀರಿರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ನೀರು ಆರಿ, ಮೇಲ್ಮೈ 140 ಡಿಗ್ರಿಯ ಆಸುಪಾಸು ತಲುಪಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬೆರೆತು ಕಂದು ಬಣ್ಣ, ಸುಟ್ಟ ಘಮ ಬರುವ ಕ್ರಿಯೆ ಚುರುಕಾಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಅವರ ಹೆಸರೇ ಅದಕ್ಕಿದೆ. ಹೊರಗಿನ ಪದರಕ್ಕೆ ಇಷ್ಟು ಜೋರು ಉರಿ ಬೇಕು, ಒಳಗಿನ ತಿರುಳಿಗೆ ಮಾತ್ರ ನಿಧಾನದ ಕಾವು ಸಾಕು. ಕೋಳಿಯ ಕಾಲನ್ನು ಜೋರು ಉರಿಯಲ್ಲೇ ಬಿಟ್ಟರೆ ಚರ್ಮ ಕರಕಲಾಗಿ ಮೂಳೆಯ ಹತ್ತಿರ ಹಸಿಯಾಗಿಯೇ ಉಳಿಯುತ್ತದೆ. ದಪ್ಪ ಬದನೆಕಾಯಿಯದೂ ಇದೇ ಕತೆ. ಆದ್ದರಿಂದ ಒಂದೇ ಗ್ರಿಲ್ಲಿನಲ್ಲಿ ಎರಡು ಸೀಮೆಗಳು ಬೇಕು: ಒಂದು ಕಡೆ ದೊಡ್ಡ ಉರಿ, ಇನ್ನೊಂದು ಕಡೆ ಬರ್ನರ್ ಆರಿಸಿ ಮುಚ್ಚಳ ಹಾಕಿದ, ಒಲೆಗೂಡಿನಂಥ ಕಾವು. ಒಂದೇ ಬರ್ನರಿನ ಗ್ರಿಲ್ಲಿನಲ್ಲಿ ಇದು ಆಗದ ಮಾತು, ಎರಡಿದ್ದರೆ ಸಾಧ್ಯ, ಮೂರಿದ್ದರೆ ಸಲೀಸು. ಪ್ರತಿ ಬರ್ನರಿಗೂ ಅದರದೇ ತಿರುಪು ಇರಬೇಕು. ಆ ತಿರುಪು ಸಣ್ಣ ಉರಿಗೆ ಇಳಿದಾಗಲೂ ಜ್ವಾಲೆ ಉದ್ದಕ್ಕೂ ಸಮನಾಗಿ ನಿಲ್ಲಬೇಕು, ಗಾಳಿಗೆ ಆರಿಹೋಗಬಾರದು. ದೊಡ್ಡ ಉರಿ ಎಲ್ಲ ಗ್ರಿಲ್ಲುಗಳೂ ಕೊಡುತ್ತವೆ, ಒಳ್ಳೆಯ ಸಣ್ಣ ಉರಿ ಕೊಡುವವು ಕಡಿಮೆ. ನನ್ನ ಮಟ್ಟಿಗೆ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಮುಚ್ಚಳದ ಮೇಲಿನ ಥರ್ಮಾಮೀಟರನ್ನು ಮಾತ್ರ ಹೆಚ್ಚು ನಂಬಬೇಡಿ. ಅದು ಮುಚ್ಚಳದ ಒಳಗಿನ ಗಾಳಿಯ ಬಿಸಿ ತೋರಿಸುತ್ತದೆ, ಜಾಲರಿಯ ಮೇಲಿನ ಬಿಸಿ ಬೇರೆಯೇ ಇರುತ್ತದೆ. ಹೊಸ ಗ್ರಿಲ್ ಮನೆಗೆ ಬಂದಮೇಲೆ ಜಾಲರಿ ತುಂಬ ಬ್ರೆಡ್ ಹೋಳು ಹರಡಿ, ಮಧ್ಯಮ ಉರಿಯಲ್ಲಿ ಒಂದೆರಡು ನಿಮಿಷ ಬಿಟ್ಟು ತಿರುವಿದರೆ ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂಬ ನಕ್ಷೆಯೇ ಕಣ್ಣೆದುರು ಬರುತ್ತದೆ.

ಗ್ಯಾಸಿನ ನೀಲಿ ಜ್ವಾಲೆ ತಾನಾಗಿ ಹೊರಸೂಸುವ ವಿಕಿರಣ ಕಡಿಮೆ. ಕೆಂಡದ ಹಾಗೆ ಅದು ಮುಖಕ್ಕೆ ಹೊಡೆಯುವುದಿಲ್ಲ, ಬಿಸಿಗಾಳಿಯಾಗಿ ಮೇಲೇಳುತ್ತದೆ ಅಷ್ಟೆ. ಅದಕ್ಕೇ ಜ್ವಾಲೆಗೂ ಜಾಲರಿಗೂ ನಡುವೆ ಏನನ್ನಾದರೂ ಕಾಯಿಸಿಟ್ಟು, ಅದರಿಂದ ವಿಕಿರಣ ಪಡೆಯಬೇಕಾಗುತ್ತದೆ. ಹಳೆಯ ಗ್ರಿಲ್ಲುಗಳಲ್ಲಿ ಅಲ್ಲಿ ಲಾವಾ ಕಲ್ಲುಗಳಿರುತ್ತಿದ್ದವು. ಕೊಬ್ಬು ಅವುಗಳ ರಂಧ್ರಗಳಲ್ಲಿ ಇಂಗಿ ಕೂತು, ಆಗಾಗ ಭುಗ್ಗೆಂದು ಉರಿಯುತ್ತಿತ್ತು. ವೆಬರ್ ಕಂಪನಿ 1985ರಲ್ಲಿ ತಂದ ಜೆನೆಸಿಸ್ ಗ್ರಿಲ್ ಕಲ್ಲುಗಳ ಬದಲು ಮನೆಯ ಸೂರಿನಾಕಾರದ ಲೋಹದ ಪಟ್ಟಿಗಳನ್ನು ಬರ್ನರ್‌ಗಳ ಮೇಲೆ ಹಾಸಿತು. ಬಿದ್ದ ಹನಿ ಆ ಇಳಿಜಾರಿನಲ್ಲಿ ಸುಟ್ಟು ಹೊಗೆಯಾಗುತ್ತದೆ, ಉಳಿದದ್ದು ಕೆಳಗಿನ ತಟ್ಟೆಗೆ ಜಾರುತ್ತದೆ, ಬರ್ನರಿನ ತೂತು ಕಟ್ಟುವುದಿಲ್ಲ. ಇಂದು ಬಹುತೇಕ ಒಳ್ಳೆಯ ಗ್ರಿಲ್ಲುಗಳು ಇದೇ ದಾರಿಯಲ್ಲಿವೆ. ಅಂಗಡಿಯಲ್ಲಿ ಜಾಲರಿ ಎತ್ತಿ ಈ ಪಟ್ಟಿಗಳು ಬರ್ನರನ್ನು ಪೂರ್ತಿ ಮುಚ್ಚುತ್ತವೆಯೇ, ಕೈಯಲ್ಲಿ ಹಿಡಿದರೆ ತೂಕ ಇದೆಯೇ ಎಂದು ನೋಡುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಜಾಲರಿ ಬೀಡು ಕಬ್ಬಿಣದ್ದಾದರೆ ಕಾವನ್ನು ಹಿಡಿದಿಡುತ್ತದೆ, ದೋಸೆ ಕಾವಲಿಯಂತೆ ಎಣ್ಣೆ ಸವರಿ ಪಳಗಿಸಬೇಕು, ಮಳೆಯಲ್ಲಿ ಬಿಟ್ಟರೆ ತುಕ್ಕು ಖಂಡಿತ. ದಪ್ಪ ಸ್ಟೀಲ್ ಸರಳಿನದು ನಿರ್ವಹಣೆಗೆ ಸುಲಭ. ಸ್ಟೀಲಿನ ಗುಣಮಟ್ಟ ಪರೀಕ್ಷಿಸಲು ಆಯಸ್ಕಾಂತ ಒಯ್ಯಿರಿ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅದು ಅರ್ಧ ಸರಿ. ನಿಕಲ್ ಇಲ್ಲದ 430 ದರ್ಜೆಯ ಸ್ಟೀಲಿಗೆ ಆಯಸ್ಕಾಂತ ಅಂಟುತ್ತದೆ, ನೂರಕ್ಕೆ ಎಂಟು ಪಾಲು ನಿಕಲ್ ಇರುವ 304ಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ. ಆದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ 200 ಸರಣಿಯ ಅಗ್ಗದ ಸ್ಟೀಲಿಗೂ ಅಂಟುವುದಿಲ್ಲ, ಅದಕ್ಕೆ 304ಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಅಂಟಿದರೆ ಅದು 304 ಅಲ್ಲವೆಂಬ ಅನುಮಾನಕ್ಕೆ ಕಾರಣವಿದೆ, ಅಂಟದಿದ್ದ ಮಾತ್ರಕ್ಕೆ ಗೆದ್ದಂತಲ್ಲ. ಬರ್ನರಿನ ದರ್ಜೆ ಮತ್ತು ಅದಕ್ಕೆ ಎಷ್ಟು ವರ್ಷದ ಗ್ಯಾರಂಟಿ ಎಂದು ಬರವಣಿಗೆಯಲ್ಲಿ ಇರುವುದನ್ನು ಓದುವುದೇ ಹೆಚ್ಚು ಭರವಸೆಯ ದಾರಿ, ಏಕೆಂದರೆ ಮೊದಲು ಸವೆಯುವ ಭಾಗಗಳಲ್ಲಿ ಬರ್ನರ್ ಮುಖ್ಯವಾದದ್ದು.

ಇಷ್ಟೆಲ್ಲ ಹೇಳಿದಮೇಲೂ ಇದ್ದಿಲಿನ ಅಭಿಮಾನಿಗಳು ಒಂದು ಆಕ್ಷೇಪ ಎತ್ತುತ್ತಾರೆ: ಗ್ಯಾಸಿನಲ್ಲಿ ಆ ರುಚಿ ಎಲ್ಲಿ? ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ರುಚಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಮರದ ಹೊಗೆಯ ಘಮಕ್ಕೆ ಕಾರಣವಾದ ಗ್ವಾಯಕಾಲ್ ಮೊದಲಾದ ವಸ್ತುಗಳು ಮರದ ಲಿಗ್ನಿನ್ ಬೆಂದಾಗ ಹುಟ್ಟುತ್ತವೆ. ಮರವನ್ನು ಇದ್ದಿಲು ಮಾಡುವಾಗಲೇ ಅವು ಹೆಚ್ಚಿನಂಶ ಹಾರಿಹೋಗಿರುತ್ತವೆ. ಬೂದಿ ಮುಸುಕಿದ, ಚೆನ್ನಾಗಿ ಹೊತ್ತಿದ ಕೆಂಡದಿಂದ ಬರುವ ಹೊಗೆ ಅತ್ಯಲ್ಪ. ಹಿತ್ತಲ ಅಡುಗೆಯ ಸುವಾಸನೆಯ ದೊಡ್ಡ ಪಾಲು ಕೊಬ್ಬು, ರಸ, ಮಸಾಲೆ ತೊಟ್ಟಿಕ್ಕಿ ಬಿಸಿ ಮೇಲ್ಮೈಯಲ್ಲಿ ಸುಟ್ಟು ಮೇಲೇರುವ ಹೊಗೆಯದು. ಅದು ಕಾದ ಲೋಹದ ಪಟ್ಟಿಯ ಮೇಲೂ ಆಗುತ್ತದೆ. ಹಾಗಿದ್ದೂ ಇದ್ದಿಲಿಗೆ ಎರಡು ಮೇಲುಗೈ ಇವೆ. ಅದರ ವಿಕಿರಣ ತೀಕ್ಷ್ಣ, ಮತ್ತು ಅದರ ಕಾವು ಒಣ. ಒಂದು ಕೆ.ಜಿ. ಪ್ರೊಪೇನ್ ಸುಟ್ಟರೆ ಸುಮಾರು 1.6 ಕೆ.ಜಿ. ನೀರಾವಿ ಹುಟ್ಟುತ್ತದೆ, ಆದ್ದರಿಂದ ಗ್ಯಾಸ್ ಗ್ರಿಲ್ಲಿನೊಳಗಿನ ಗಾಳಿ ತೇವ, ಮೇಲ್ಮೈ ಆರಲು ಹೆಚ್ಚು ಹೊತ್ತು. ಹೋಳುಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸುವುದು, ಜಾಲರಿಯನ್ನು 15 ನಿಮಿಷ ಮೊದಲೇ ಕಾಯಿಸುವುದು ಗ್ಯಾಸಿಗೆ ಇನ್ನೂ ಮುಖ್ಯವಾಗುವುದು ಇದರಿಂದಲೇ. ದಿನದ ಕೆಲಸ ಮುಗಿಸಿ ಬಂದವರು ಹೊತ್ತಿಸಿ, ಬೇಯಿಸಿ, ಆರಿಸಿ ಒಳಗೆ ಹೋಗಬಹುದಾದ ಅನುಕೂಲಕ್ಕೆ ಈ ಸಣ್ಣ ಕೊರತೆ ದುಬಾರಿಯಲ್ಲ ಎಂಬುದು ನನ್ನ ನಿಲುವು.

ಸಸ್ಯಾಹಾರಿ ಮನೆಗಳಿಗೆ ಈ ವಾದ ಬೇರೊಂದು ತಿರುವು ಪಡೆಯುತ್ತದೆ. ಇದರ ಬಗ್ಗೆ ಅಮೆರಿಕದ ಕೈಪಿಡಿಗಳು ಹೆಚ್ಚು ಮಾತಾಡುವುದಿಲ್ಲ. ಬದನೆ, ದೊಣ್ಣೆಮೆಣಸಿನಕಾಯಿ, ಜೋಳದ ತೆನೆ, ಪನೀರ್ ಇವುಗಳಿಂದ ಕೊಬ್ಬು ತೊಟ್ಟಿಕ್ಕುವುದು ಅಷ್ಟಕ್ಕಷ್ಟೆ. ತೊಟ್ಟಿಕ್ಕದಿದ್ದರೆ ಆ ಹೊಗೆಯ ರುಚಿಯೂ ಇಲ್ಲ. ಉಳಿಯುವುದು ಮೇಲ್ಮೈ ಸುಡುವ ರುಚಿ ಒಂದೇ. ಹಾಗಾಗಿ ನಮ್ಮ ಅಡುಗೆಗೆ ಜಾಲರಿಯ ಅಳತೆಗಿಂತ ಜಾಲರಿಯ ಬಿಸಿ ಹೆಚ್ಚು ಮುಖ್ಯ, ಬೀಡಿನ ದಪ್ಪ ಸರಳು ಅಥವಾ ಜೋಡಿಸಬಹುದಾದ ಬೀಡಿನ ಕಾವಲಿ ಇದ್ದರೆ ಒಳ್ಳೆಯದು. ಸುಟ್ಟ ಬದನೆಕಾಯಿ ಗೊಜ್ಜಿಗೆ ಕೆಂಡದ ವಾಸನೆ ಬೇಕೆಂದರೆ ಹಿಕರಿಯದೋ ಸೇಬಿನ ಮರದ್ದೋ ಒಂದು ಹಿಡಿ ಚಕ್ಕೆಯನ್ನು ತೂತಿನ ಡಬ್ಬಿಯಲ್ಲಿ ಹಾಕಿ ಬರ್ನರಿನ ಮೇಲಿಟ್ಟರಾಯಿತು. ಗ್ರಿಲ್ಲಿನ ಪಕ್ಕದಲ್ಲಿ ಬರುವ ಚಿಕ್ಕ ಒಲೆಯನ್ನು ದಂಡ ಎಂದು ಅಲ್ಲಿನ ಬಹಳಷ್ಟು ಬರಹಗಾರರು ತೀರ್ಮಾನಿಸುತ್ತಾರೆ. ಮುಚ್ಚಿದ ಮನೆಯೊಳಗೆ ಒಗ್ಗರಣೆಯ ಘಾಟು, ಬಜ್ಜಿ ಕರಿದ ಎಣ್ಣೆಯ ವಾಸನೆ ದಿನವಿಡೀ ನಿಲ್ಲುವುದನ್ನು ಬಲ್ಲ ನಮ್ಮವರಿಗೆ ಅದು ದಂಡವಲ್ಲ. ಆರು ಬರ್ನರ್, ತಿರುಗುವ ಸಲಾಕೆ, ತಿರುಪಿನ ಸುತ್ತ ಬಣ್ಣದ ದೀಪ ಇವೆಲ್ಲ ಮಾತ್ರ ಬಿಡಬಹುದಾದವು. ಯುಗಾದಿಗೋ ಹುಟ್ಟುಹಬ್ಬಕ್ಕೋ ನಲವತ್ತು ಜನ ಬಂದಾಗ ಸಣ್ಣ ಗ್ರಿಲ್ ಸಾಲದಲ್ಲ ಎಂದರೆ, ನಿಜ, ಸಾಲದು. ಆದರೆ ವರ್ಷಕ್ಕೆ ಎರಡು ದಿನದ ಆ ತೊಂದರೆ ಎರಡು ಸರದಿಯಲ್ಲಿ ಬೇಯಿಸಿದರೆ ತೀರುತ್ತದೆ, ಉಳಿದ ದಿನಗಳಲ್ಲಿ ನಾಲ್ಕು ಜನರಿಗಾಗಿ ದೊಡ್ಡ ಪೆಟ್ಟಿಗೆಯನ್ನು ಕಾಯಿಸುವ ಗ್ಯಾಸಿನ ಖರ್ಚು ತೀರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಅಮೆರಿಕದ ಉಪಕರಣಗಳು ಬಹಳ ಸುಧಾರಿಸಿವೆ. ಅಲ್ಲಿನ ಸಿಲಿಂಡರ್‌ಗಳ ಮೂರು ಮೂಲೆಯ ಹಿಡಿಯ ಕೆಳಗೆ, ಅತಿಯಾಗಿ ತುಂಬದಂತೆ ತಡೆಯುವ ವಾಲ್ವ್ ಇರುತ್ತದೆ. ಗ್ಯಾಸ್ ಒಮ್ಮೆಲೇ ನುಗ್ಗಿದರೆ ಪೈಪ್ ಒಡೆದಿದೆ ಎಂದು ಬಗೆದು ರೆಗ್ಯುಲೇಟರ್ ಹರಿವನ್ನು ತಾನೇ ಕುಗ್ಗಿಸುತ್ತದೆ. ಹೊಸ ಗ್ರಿಲ್ಲಿನ ಉರಿ ಏಳುತ್ತಲೇ ಇಲ್ಲ ಎಂಬ ದೂರಿಗೆ ಬಹಳ ಸಲ ಇದೇ ಕಾರಣ: ಬರ್ನರಿನ ತಿರುಪು ಮೊದಲು ತೆರೆದು, ಆಮೇಲೆ ಸಿಲಿಂಡರ್ ತೆರೆದಿರುತ್ತಾರೆ. ಎಲ್ಲ ಮುಚ್ಚಿ, ಒಂದು ನಿಮಿಷ ಬಿಟ್ಟು, ಸಿಲಿಂಡರನ್ನು ನಿಧಾನವಾಗಿ ತೆರೆದು, ನಂತರ ಮುಚ್ಚಳ ಎತ್ತಿಟ್ಟುಕೊಂಡೇ ಬರ್ನರ್ ಹೊತ್ತಿಸಿದರೆ ಸರಿಹೋಗುತ್ತದೆ. ಚಳಿಗಾಲ ಕಳೆದು ಮೊದಲ ಸಲ ಹೊತ್ತಿಸುವ ಮುನ್ನ ಬರ್ನರಿನ ಕೊಳವೆಯನ್ನು ಉದ್ದ ಬ್ರಷ್‌ನಿಂದ ಒರೆಸಬೇಕು, ಅಲ್ಲಿ ಜೇಡ ಬಲೆ ಕಟ್ಟಿದ್ದರೆ ಗ್ಯಾಸ್ ಹಿಂದಕ್ಕೆ ತಿರುಗಿ ತಿರುಪಿನ ಬಳಿ ಬೆಂಕಿ ಹತ್ತಬಹುದು. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ಎರಡು ನಿಮಿಷದ ಕೆಲಸ. ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರು ಕೊಳ್ಳುವ ಮೊದಲೇ ನಿಯಮ ಓದಬೇಕು: ಹಲವು ರಾಜ್ಯಗಳು ಅನುಸರಿಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್, ಸ್ಪ್ರಿಂಕ್ಲರ್ ಇಲ್ಲದ ಬಹುಕುಟುಂಬ ಕಟ್ಟಡಗಳ ಮರದ ಬಾಲ್ಕನಿಯಲ್ಲಾಗಲಿ, ಹೊತ್ತಿಕೊಳ್ಳಬಲ್ಲ ಗೋಡೆಯಿಂದ 10 ಅಡಿಯೊಳಗಾಗಲಿ ಇಂಥ ಗ್ರಿಲ್ ಉರಿಸಲು ಬಿಡುವುದಿಲ್ಲ. ಒಂದು ಪೌಂಡಿನ ಪುಟ್ಟ ಸಿಲಿಂಡರಿಗೆ ಮಾತ್ರ ವಿನಾಯಿತಿ.

ಊರಿಗೆ ಮರಳುವಾಗ ಆ ಗ್ರಿಲ್ಲನ್ನು ಸಾಮಾನಿನೊಂದಿಗೆ ತಂದುಬಿಡೋಣ ಎಂಬ ಯೋಚನೆ ಬೇಡ. ಅಲ್ಲಿಯ ರೆಗ್ಯುಲೇಟರ್ ನಮ್ಮ 14.2 ಕೆ.ಜಿ.ಯ ಸಿಲಿಂಡರಿಗೆ ಕೂರುವುದಿಲ್ಲ, ಅದರ ಜೆಟ್ ಪ್ರೊಪೇನಿಗೆಂದು ಅಳೆದು ಕೊರೆದದ್ದು, ನಮ್ಮ ಎಲ್‌ಪಿಜಿ ಬ್ಯೂಟೇನ್ ಮತ್ತು ಪ್ರೊಪೇನಿನ ಮಿಶ್ರಣ. ಬೆಂಗಳೂರಿನ ಮನೆಗಳಿಗೆ ಗೇಲ್ ಗ್ಯಾಸ್ ಪೈಪಿನಲ್ಲಿ ಕೊಡುವ ನೈಸರ್ಗಿಕ ಅನಿಲದ ಶಾಖವಂತೂ ಅಷ್ಟೇ ಗಾತ್ರದ ಪ್ರೊಪೇನಿನ ಶಾಖದ ಎರಡೂವರೆಯಲ್ಲಿ ಒಂದು ಪಾಲು, ಅದಕ್ಕೆ ಜೆಟ್ಟೇ ಬೇರೆ ಬೇಕು. ನಡುವೆ ಯಾವುದೋ ಅಡಾಪ್ಟರ್ ಹಾಕಿ ಜೋಡಿಸುವುದು ಪ್ರಾಣಕ್ಕೆ ಕುತ್ತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗಿ ಕಿಡಿಗಾಗಿ ಕಾಯುತ್ತದೆ. ಮುಚ್ಚಿದ ಬಾಲ್ಕನಿಯಲ್ಲಿ ಇದು ಇನ್ನೂ ಕೆಟ್ಟದ್ದು. ಸ್ವಂತ ತಾರಸಿಯೋ ಅಂಗಳವೋ ಇರುವವರು ಇಲ್ಲಿಯ ಎಲ್‌ಪಿಜಿಗೆಂದೇ ತಯಾರಾದ ಗ್ರಿಲ್ ಕೊಂಡು, ಮೇಲೆ ಹೇಳಿದ ಅದೇ ಕಣ್ಣಿನಿಂದ ಪರೀಕ್ಷಿಸಲಿ. ಫ್ಲ್ಯಾಟ್‌ನಲ್ಲಿರುವವರು ಅಡುಗೆಮನೆಯ ಒಲೆಯ ಮೇಲೆಯೇ ಬೀಡು ಕಬ್ಬಿಣದ, ಉಬ್ಬುಗೀರುಗಳಿರುವ ತವಾ ಇಟ್ಟು, ಕಿಟಕಿ ತೆರೆದು, ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಬರಿದೇ ಕಾಯಿಸಿ, ಒರೆಸಿ ಒಣಗಿಸಿದ ಹೋಳುಗಳಿಗೆ ಎಣ್ಣೆ ಸವರಿ ಇಡಬಹುದು. ಒಂದು ಬದಿ ಕಂದಾದಮೇಲೆ ತಿರುವಿ, ಉರಿ ಇಳಿಸಿ, ಮೇಲೊಂದು ಬಾಂಡಲೆ ಕವುಚಿದರೆ ಒಳಗೂ ಬೇಯುತ್ತದೆ. ನಾನ್‌ಸ್ಟಿಕ್ ತವಾವನ್ನು ಮಾತ್ರ ಹೀಗೆ ಬರಿದೇ ಕಾಯಿಸಬಾರದು.