ನೋವನ್ನು ನೀಗುವ ಸೂಜಿ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ನೋಯುವ ದೇಹಕ್ಕೆ ಸೂಜಿ ಚುಚ್ಚಿ ನೋವನ್ನು ಕಳೆಯುವೆವೆಂದು ಯಾರಾದರೂ ಹೇಳಿದರೆ ನಂಬುವುದು ಸುಲಭವಲ್ಲ. ಚೀನ ದೇಶದ ವೈದ್ಯರಾದರೋ ಸುಮಾರು ಎರಡು ಸಾವಿರ ವರ್ಷಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಅದಕ್ಕೆ ಅಕ್ಯುಪಂಕ್ಚರ್ ಎಂದು ಹೆಸರು. ಅವರ ಶಾಸ್ತ್ರದಂತೆ ಶರೀರದೊಳಗಿನ ಕಾಲುವೆಗಳಲ್ಲಿ 'ಚೀ' ಎಂಬ ಪ್ರಾಣಶಕ್ತಿ ಹರಿಯುತ್ತದೆ. ಅದರ ಓಟಕ್ಕೆ ತಡೆಯುಂಟಾದರೆ ರೋಗ. ಸೂಜಿಯು ಆ ತಡೆಯನ್ನು ಬಿಡಿಸುತ್ತದೆ. ಆದರೆ ಅಂಗರಚನಾಶಾಸ್ತ್ರಜ್ಞರಿಗೆ ಇಂತಹ ಕಾಲುವೆಗಳು ಕಂಡಿಲ್ಲ. ಕಾಲುವೆಗಳೇ ಇಲ್ಲವಾದರೆ ನೋವು ತಗ್ಗುವುದು ಹೇಗೆ?

1971ರ ಜುಲೈ ತಿಂಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಜೇಮ್ಸ್ ರೆಸ್ಟನ್ನರು ಪೀಕಿಂಗಿನಲ್ಲಿದ್ದಾಗ, ಅಪೆಂಡಿಸೈಟಿಸ್ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಎರಡನೆಯ ರಾತ್ರಿ ಹೊಟ್ಟೆಯುಬ್ಬರದಿಂದ ಬಳಲುತ್ತಿದ್ದ ಅವರ ಮೊಣಕೈಗೂ ಮೊಣಕಾಲುಗಳ ಕೆಳಗೂ ವೈದ್ಯರೊಬ್ಬರು ಸೂಜಿ ಚುಚ್ಚಿದರು. ಗಂಟೆಯೊಳಗೆ ಹೊಟ್ಟೆ ಹಗುರಾಯಿತೆಂದು ಅವರು ಬರೆದರು. ಆ ಸುದ್ದಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ, ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರಂತೆ ಎಂದಾಯಿತು! ನಿಜವಾಗಿ, ಕೊಯ್ಯುವ ಮೊದಲು ಕೊಟ್ಟುದು ಎಂದಿನ ಅರಿವಳಿಕೆಯ ಚುಚ್ಚುಮದ್ದನ್ನೇ. ಅದೇನೇ ಇರಲಿ, ಪಶ್ಚಿಮದ ವಿಜ್ಞಾನಿಗಳ ಕುತೂಹಲ ಕೆರಳಿತು.

ಹೊಸ್ತಿಲು ಎಡವಿ ಪೆಟ್ಟಾದಾಗ ನಮ್ಮ ಕೈ ತಾನಾಗಿಯೇ ಹೋಗಿ ಆ ಜಾಗವನ್ನು ನೀವುತ್ತದೆಯಷ್ಟೆ. ನೀವಿದರೆ ನೋವು ತುಸು ಇಳಿಯುತ್ತದೆ. ಇದರ ಮರ್ಮವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದ್ದರು. ಅವರ ಸಿದ್ಧಾಂತದಂತೆ, ನೋವಿನ ವಾರ್ತೆ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲಿದ್ದಂತಿದೆ. ಸ್ಪರ್ಶದ ವಾರ್ತೆಯನ್ನು ತರುವ ದಪ್ಪ ನರತಂತುಗಳು ಅದನ್ನು ಮುಚ್ಚಬಲ್ಲವು; ಮಿದುಳು ಕೂಡ ಮೇಲಿನಿಂದ ಅಪ್ಪಣೆ ಕಳುಹಿಸಿ ಮುಚ್ಚಿಸಬಲ್ಲುದು. ಸೂಜಿಯೂ ಹೀಗೆಯೇ ಕೆಲಸ ಮಾಡುತ್ತಿರಬಹುದೆಂದು ಹಲವರು ಊಹಿಸಿದರು. ಆದರೆ ಸೂಜಿಯನ್ನು ತೆಗೆದ ಮೇಲೂ ಕೆಲಹೊತ್ತು ಉಪಶಮನ ಉಳಿಯುವುದೇಕೆ? ಅದಕ್ಕೆ ಬೇರೆ ಕಾರಣ ಬೇಕಾಗಿತ್ತು.

ಆ ಕಾರಣದ ಜಾಡು ಸಿಕ್ಕಿದುದು ಅಫೀಮಿನಿಂದ. ಅಫೀಮಿನ ಸತ್ತ್ವ ಬಂದು ಕೂಡುವ ವಿಶೇಷ ನೆಲೆಗಳು ಮಿದುಳಿನಲ್ಲಿವೆಯೆಂದು 1973ರಲ್ಲಿ ಸಿದ್ಧವಾಯಿತು. ಗಸಗಸೆ ಗಿಡದ ಹಾಲಿಗೆ ಹೊಂದುವ ಬೀಗ ಮನುಷ್ಯನ ತಲೆಯಲ್ಲೇಕಿದೆ? ಅದರ ಬೀಗದ ಕೈಯನ್ನು ದೇಹವೇ ತಯಾರಿಸುತ್ತಿರಬೇಕು! 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಸ್ ಅಂತಹ ವಸ್ತುವನ್ನು ಕಂಡುಹಿಡಿದು ಎನ್ಕೆಫಾಲಿನ್ ಎಂದು ಹೆಸರಿಟ್ಟರು. ಇದಕ್ಕೆ ತುಸು ಮೊದಲೇ ಪೀಕಿಂಗಿನ ಹಾನ್ ಜಿಶೆಂಗ್, ಅಕ್ಯುಪಂಕ್ಚರ್ ಪಡೆದ ಮೊಲದ ಮಿದುಳಿನ ದ್ರವವನ್ನು ಇನ್ನೊಂದು ಮೊಲದ ಮಿದುಳಿಗೆ ಸೇರಿಸಿ ನೋಡಿದ್ದರು. ಸೂಜಿಯನ್ನೇ ಕಾಣದ ಆ ಎರಡನೆಯ ಮೊಲದ ನೋವೂ ತಗ್ಗಿತ್ತು! 1977ರಲ್ಲಿ ಅಮೆರಿಕದ ಡೇವಿಡ್ ಮೇಯರ್ ಮತ್ತು ಸಂಗಡಿಗರು, ಅಫೀಮಿಗೆ ಪ್ರತಿಮದ್ದಾದ ನಲಾಕ್ಸೋನನ್ನು ಕೊಟ್ಟರೆ ಸೂಜಿಯಿಂದ ಇಳಿದಿದ್ದ ಹಲ್ಲುನೋವು ಮರಳುವುದೆಂದು ತೋರಿಸಿದರು. ಸೂಜಿಯು ದೇಹದ ಸ್ವಂತ ಔಷಧಾಲಯದ ಬಾಗಿಲನ್ನು ತಟ್ಟುತ್ತದೆಂಬುದಕ್ಕೆ ಇದು ಬಲವಾದ ಸಾಕ್ಷಿ.

ಚುಚ್ಚಿದ ಜಾಗದಲ್ಲಿಯೂ ಏನೋ ನಡೆಯುತ್ತದೆ. 2010ರಲ್ಲಿ ಅಮೆರಿಕದ ರಾಚೆಸ್ಟರಿನ ಸಂಶೋಧಕರು ಇಲಿಗಳ ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿ, ನಡುನಡುವೆ ತಿರುಗಿಸಿದಾಗ, ಸುತ್ತಲಿನ ಅಂಗಾಂಶದಲ್ಲಿ ಅಡಿನೊಸಿನ್ ಎಂಬ ವಸ್ತು ಬಹಳವಾಗಿ ಹೆಚ್ಚಿತು. ಹತ್ತಿರದ ನರಗಳ ನೋವಿನ ಕೂಗನ್ನು ಅದು ತಗ್ಗಿಸುತ್ತದೆ. ಅಡಿನೊಸಿನ್ ಬಂದು ಕೂಡುವ ನೆಲೆಯೇ ಇಲ್ಲದ ಇಲಿಗಳಿಗೆ ಸೂಜಿಯಿಂದ ಪ್ರಯೋಜನವಾಗಲಿಲ್ಲ. ಬೆಳಗಿನ ಕಾಫಿ ನಮ್ಮ ತೂಕಡಿಕೆಯನ್ನು ಓಡಿಸುವುದೂ ಮಿದುಳಿನಲ್ಲಿ ಇದೇ ಅಡಿನೊಸಿನ್ನಿಗೆ ಅಡ್ಡಬಂದು ಎಂಬುದನ್ನು ವಾಚಕರು ಗಮನಿಸಬಹುದು.

ಹಾಗಾದರೆ ಪ್ರಾಚೀನರು ಗುರುತಿಸಿದ ಬಿಂದುಗಳಿಗೇ ಚುಚ್ಚಬೇಕೆ? ಜರ್ಮನಿಯಲ್ಲಿ ಸೊಂಟನೋವಿನ 1,162 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಗುಣ ಕಂಡಿತು; ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44 ಮಂದಿಗೆ; ಮಾತ್ರೆ, ವ್ಯಾಯಾಮ ಮೊದಲಾದ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ 27 ಮಂದಿಗೆ. ಸೂಜಿ ಗೆದ್ದಿತು, ಬಿಂದುಗಳ ನಕಾಶೆ ಗೆಲ್ಲಲಿಲ್ಲ.

ಇಲ್ಲಿ ನಂಬಿಕೆಯ ಪಾತ್ರವೂ ಉಂಟು. ಹಲ್ಲು ಕೀಳಿಸಿಕೊಂಡವರಿಗೆ ಔಷಧವೆಂದು ಬರಿಯ ಹುಸಿಮದ್ದನ್ನು ಕೊಟ್ಟಾಗಲೂ ಕೆಲವರ ನೋವು ಇಳಿಯಿತೆಂದೂ, ಆ ಉಪಶಮನವನ್ನು ಕೂಡ ನಲಾಕ್ಸೋನ್ ಅಳಿಸಿತೆಂದೂ 1978ರಲ್ಲಿ ತಿಳಿದುಬಂದಿತು. ವೈದ್ಯನ ಕೈಗುಣವೆಂದು ನಮ್ಮವರು ಕರೆಯುವ ವಿಶ್ವಾಸವೂ ಅದೇ ಔಷಧಾಲಯದ ಬಾಗಿಲನ್ನು ತಟ್ಟುತ್ತದೆ. ಆದುದರಿಂದ "ಎಲ್ಲ ಮನಸ್ಸಿನ ಭ್ರಮೆ" ಎಂದು ನೋವುಂಡವರನ್ನು ಹಳಿಯುವುದು ನ್ಯಾಯವಲ್ಲ.

ಹಾಗೆಂದು ಸ್ಥಳಕ್ಕೆ ಬೆಲೆಯೇ ಇಲ್ಲವೆಂದಲ್ಲ. 2021ರಲ್ಲಿ ಹಾರ್ವರ್ಡಿನ ಮಾ ಚಿಯುಫು ಮತ್ತು ಸಂಗಡಿಗರು ಇಲಿಗಳ ಹಿಂಗಾಲಿನ ಒಂದೆಡೆ ಸೂಜಿಯ ಮೂಲಕ ಸೌಮ್ಯ ವಿದ್ಯುತ್ತನ್ನು ಹರಿಸಿ ಉರಿಯೂತವನ್ನು ತಗ್ಗಿಸಿದರು. ಹೊಟ್ಟೆಯ ಮೇಲೆ ಅಷ್ಟೇ ವಿದ್ಯುತ್ತು ಹರಿಸಿದರೆ ಆ ಫಲ ಬರಲಿಲ್ಲ. ಕಾಲಿನ ಆಳದಲ್ಲಿರುವ ಒಂದು ಬಗೆಯ ನರಗಳೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಪುರಾತನರು ಕಾಲುವೆಯೆಂದುದನ್ನು ವಿಜ್ಞಾನವು ಈಗ ನರಗಳಲ್ಲಿ ಅರಸುತ್ತಿದೆ. ಇಲಿಗೆ ಹೊಂದಿದುದು ಮನುಷ್ಯನಿಗೂ ಹೊಂದುವುದೆಂಬುದು ಇನ್ನೂ ಸಿದ್ಧವಾಗಬೇಕಾದ ಮಾತು.

ಮನೆಯಲ್ಲಿ ಅಜ್ಜಿಯ ಮಂಡಿನೋವೋ ತಂದೆಯವರ ಸೊಂಟನೋವೋ ವರ್ಷಗಟ್ಟಲೆ ಬಿಡದಿದ್ದರೆ, ವೈದ್ಯರನ್ನು ಕೇಳಿ ಸೂಜಿಯನ್ನು ಪ್ರಯತ್ನಿಸಿ ನೋಡಬಹುದು. ಕಟ್ಟು ಒಡೆಯದ ಹೊಸ ಸೂಜಿಯೇ ಬೇಕು. ಚುಚ್ಚುವವರು ತರಬೇತಾದವರಾಗಿರಬೇಕು, ಏಕೆಂದರೆ ಎದೆಯ ಮೇಲೆ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ಗಾಯವಾದ ಅಪರೂಪದ ಪ್ರಸಂಗಗಳೂ ಉಂಟು. ಆದರೆ ಹೊಸದಾಗಿ ಹುಟ್ಟಿದ ಹೊಟ್ಟೆನೋವು, ಎದೆನೋವುಗಳನ್ನು ಸೂಜಿಯಿಂದ ಸುಮ್ಮನಾಗಿಸಲು ಹೋಗಬಾರದು. ನೋವು ಮನೆಯ ಕಾವಲುಗಾರ. ಅವನು ಕೂಗಿದುದೇಕೆಂದು ವಿಚಾರಿಸದೆ ಬಾಯಿ ಮುಚ್ಚಿಸಿದರೆ ಕಳ್ಳನಿಗೆ ಅನುಕೂಲ. ಪೀಕಿಂಗಿನ ವೈದ್ಯರು ಕೂಡ ರೆಸ್ಟನ್ನರ ಕೆಟ್ಟ ಅಪೆಂಡಿಕ್ಸನ್ನು ಮೊದಲು ಕತ್ತರಿಸಿ ತೆಗೆದು, ಆಮೇಲೆಯೇ ಸೂಜಿಗೆ ಕೈಹಾಕಿದ್ದರು.