ಹಬ್ಬದ ಮಾಂಸದಿಂದ ಕನ್ನಡಕ ಕಳಚುವವರೆಗೆ

ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದಿರುವ ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಹುಡುಗ ಹುಡುಗಿಯರಿಗೆ ಲೆಕ್ಕವಿಲ್ಲ. ಕೆಲಸ ಕಾಯಂ ಆಗಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಕೆಲವರ ಮೊದಲ ಆಸೆ ಕನ್ನಡಕ ಬಿಡಿಸುವ ಲಾಸಿಕ್ ಚಿಕಿತ್ಸೆ. ಮಳೆಗಾಲದಲ್ಲಿ ಹೆಲ್ಮೆಟ್ಟಿನೊಳಗೆ ಮಂಜುಗಟ್ಟುವ ಕನ್ನಡಕದ ಕಾಟ ಸಾಕಾಗಿರುತ್ತದೆ. ನನ್ನ ತಂಗಿಯ ಮಗಳೂ ಕಳೆದ ವರ್ಷ ಇಲ್ಲಿಯೇ ಮಾಡಿಸಿಕೊಂಡಳು.

ಈ ಚಿಕಿತ್ಸೆಯ ಬೇರು ಇರುವುದು ಕಣ್ಣಾಸ್ಪತ್ರೆಯಲ್ಲಲ್ಲ, ಐಬಿಎಂ ಕಂಪನಿಯ ನ್ಯೂಯಾರ್ಕ್ ಪ್ರಯೋಗಾಲಯದಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಸಾಯನ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅಲ್ಲಿ ಅತಿನೇರಳೆ ಲೇಸರ್‌ನಿಂದ ಪ್ಲಾಸ್ಟಿಕ್ ಕೊರೆಯುತ್ತಿದ್ದರು. 1981ರ ನವೆಂಬರ್ 27ರಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮಾಂಸವನ್ನು ತಂದು ಆ ಲೇಸರ್‌ಗೆ ಒಡ್ಡಿದರು. 193 ನ್ಯಾನೊಮೀಟರ್ ಅಲೆಯುದ್ದದ ಆ ಕಿರಣ ಸುತ್ತಲಿನ ಭಾಗ ಸುಡದಂತೆ ನಯವಾಗಿ ಕೊರೆಯಿತು. ಅದೇ ಮಾಂಸಕ್ಕೆ ಹಸಿರು ಲೇಸರ್ ಹಿಡಿದಾಗ ಕರಕಲಾಯಿತು. ಜೊತೆಗಿದ್ದವರು ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್. ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಇದನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ ಕಾರ್ನಿಯಾಕ್ಕೆ ಬಳಸಬಹುದೆಂದು ಕಂಡುಕೊಂಡು, ದನದ ಕಣ್ಣುಗಳ ಮೇಲೆ ಶ್ರೀನಿವಾಸನ್ ಅವರೊಂದಿಗೆ ಪ್ರಯೋಗ ಮಾಡಿ 1983ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ ಕೊಲಂಬಿಯಾದಲ್ಲಿ ನೆಲೆಸಿದ್ದ ಹೋಸೆ ಬರಾಕೆರ್ ಕಾರ್ನಿಯಾದ ಪದರ ಕತ್ತರಿಸಿ, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಉಜ್ಜಿ, ಮತ್ತೆ ಕಣ್ಣಿಗೆ ಹೊಲಿಯುತ್ತಿದ್ದರು. ಅವರ ಪದರವೂ ಈ ಲೇಸರೂ ಒಂದಾಗಿ, ಗ್ರೀಸ್‌ನ ಪಾಲಿಕಾರಿಸ್ 1990ರ ಸುಮಾರಿಗೆ ಮಾಡಿ ತೋರಿಸಿದ್ದೇ ಲಾಸಿಕ್.

ಚಿಕಿತ್ಸೆಯಲ್ಲಿ ಹನಿ ಹಾಕಿ ಕಣ್ಣಿಗೆ ಜೋಮು ಹಿಡಿಸುತ್ತಾರೆ. ಉಂಗುರವೊಂದು ಕಣ್ಣನ್ನು ಹಿಡಿದೆಳೆದಾಗ ಕೆಲವು ಕ್ಷಣ ಕತ್ತಲು. ತೆಳುವಾದ ಪದರ ಎತ್ತಿ, ಲೇಸರ್ ಹಾಯಿಸಿ, ಪದರವನ್ನು ಮುಚ್ಚುತ್ತಾರೆ. ಹೊಲಿಗೆ ಬೇಡ, ತಾನೇ ಅಂಟಿಕೊಳ್ಳುತ್ತದೆ. "ಮಾಮಾ, ಕೂದಲು ಸುಟ್ಟ ವಾಸನೆ ಬಂತು, ಹೆದರಿಬಿಟ್ಟೆ" ಎಂದಳು ಹುಡುಗಿ. ಸುಟ್ಟದ್ದೇನೂ ಇಲ್ಲ. ಕಿರಣ ಅಣುಗಳ ಬೆಸುಗೆಯನ್ನೇ ಬಿಡಿಸಿ ಆವಿಯಂತೆ ಹಾರಿಸುತ್ತದೆ. ಆ ವಾಸನೆ ಅದರದು. ಮರುದಿನ ಗೋಡೆಯ ಮೇಲಿನ ಕ್ಯಾಲೆಂಡರಿನ ಸಣ್ಣ ತಿಥಿ ಅಕ್ಷರಗಳನ್ನು ಮಂಚದಿಂದಲೇ ಓದಿದಳು.

ಆದರೆ ನನ್ನ ಮಟ್ಟಿಗೆ ಇಲ್ಲಿ ದೊಡ್ಡ ಕೆಲಸ ಲೇಸರ್‌ನದಲ್ಲ, ಅದಕ್ಕೆ ಮುಂಚಿನ ಅಳತೆಯದು. ಕಾರ್ನಿಯಾದ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ 540 ಮೈಕ್ರಾನ್ ಆಸುಪಾಸು. ಪದರಕ್ಕೆ ನೂರಕ್ಕಿಂತ ತುಸು ಹೆಚ್ಚು ಹೋಗುತ್ತದೆ. ಒಂದೊಂದು ಪವರ್ ಇಳಿಸಲು 12ರಿಂದ 15 ಮೈಕ್ರಾನ್ ಸವೆಯುತ್ತದೆ. ಕೆಳಗೆ ಕನಿಷ್ಠ 250, ಸಾಧ್ಯವಾದರೆ 300 ಉಳಿಯಲೇಬೇಕು. ಇಲ್ಲದಿದ್ದರೆ ಕಾರ್ನಿಯಾ ಬಲಗುಂದಿ ಮುಂದಕ್ಕೆ ಉಬ್ಬುವ ಅಪಾಯ. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಲಕ್ಷಣವಿದ್ದವರಿಗೆ, 18 ತುಂಬದವರಿಗೆ, ವರ್ಷದಿಂದ ಪವರ್ ನಿಲ್ಲದವರಿಗೆ ಲಾಸಿಕ್ ಸಲ್ಲದು. ರಿಯಾಯಿತಿಯ ಜಾಹೀರಾತು ನೋಡಿ ಓಡುವವರು ಈ ಲೆಕ್ಕವನ್ನು ಡಾಕ್ಟರ ಬಾಯಿಂದ ಕೇಳಲೇಬೇಕು. "ನಿಮಗೆ ಬೇಡ" ಎನ್ನುವ ಡಾಕ್ಟರನ್ನು ನಂಬಿ.

ವಾಸಿಯಾಗುವ ಬಗೆಯೂ ತಾಳ್ಮೆ ಬೇಡುತ್ತದೆ. ಮೊದಲ ವಾರ ತಲೆಸ್ನಾನವಿಲ್ಲ, ಕಣ್ಣು ಉಜ್ಜುವಂತಿಲ್ಲ, ರಾತ್ರಿ ಕಣ್ಣಿಗೆ ಕವಚ. ಕಾರ್ನಿಯಾದ ನರಗಳು ಕತ್ತರಿಸಿಹೋಗಿರುವುದರಿಂದ ತಿಂಗಳುಗಟ್ಟಲೆ ಕಣ್ಣು ಒಣಗುತ್ತದೆ. ದಿನವಿಡೀ ಪರದೆ ನೋಡುವವರಿಗೆ ಇನ್ನೂ ಹೆಚ್ಚು. ರಾತ್ರಿ ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ ಎದುರು ಬರುವ ದೀಪಗಳ ಸುತ್ತ ಬೆಳಕಿನ ಬಳೆ ಕಂಡಾಗ ನಮ್ಮ ಹುಡುಗಿ ಗಾಬರಿಯಾಗಿದ್ದಳು; ಕ್ರಮೇಣ ತಗ್ಗಿತು. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಬಂದೇ ಬರುತ್ತದೆ, ಅದನ್ನು ಲಾಸಿಕ್ ತಡೆಯುವುದಿಲ್ಲ.

ಮಾಡಿಸಿಕೊಂಡವರಿಗೆ ಒಂದು ಮಾತು. ಚಿಕಿತ್ಸೆಗೆ ಮುಂಚಿನ ಅಳತೆಯ ಕಾಗದಗಳನ್ನು ಎಸೆಯಬೇಡಿ. ವಯಸ್ಸಾದ ಮೇಲೆ ಪೊರೆ ಬಂದು ಲೆನ್ಸ್ ಹಾಕಿಸುವಾಗ, ಲಾಸಿಕ್ ಆದ ಕಣ್ಣಿಗೆ ಮಾಮೂಲಿ ಲೆಕ್ಕ ತಪ್ಪುತ್ತದೆ. ಆಗ ಆ ಹಳೆಯ ಕಾಗದಗಳು ಡಾಕ್ಟರಿಗೆ ಬೇಕಾಗುತ್ತವೆ.