ಗುಜರಿ ಚೀಲ ಸೇರುವ ಮೊದಲು ಅಜ್ಜನ ಮದ್ದಿನ ಪುಸ್ತಕ ಬಿಡಿಸಿ ನೋಡಿ

ಕಾಸರಗೋಡು: ಹಳೆ ಮನೆ ಕೆಡವುವಾಗ ಯಾವುದಕ್ಕೆ ಎಷ್ಟು ಬೆಲೆ ಎಂಬುದು ಎಲ್ಲರಿಗೂ ಗೊತ್ತು. ಹಲಸಿನ ಮರದ ಬಾಗಿಲು, ಕಂಬಗಳಿಗೆ ಮುಂಗಡ ಕೊಟ್ಟು ಹೋಗುವವರಿದ್ದಾರೆ. ತಾಮ್ರದ ಹಂಡೆ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತದೆ. ಮಂಗಳೂರು ಹೆಂಚು ಕೂಡ ಎಣಿಸಿಯೇ ಮಾರಾಟವಾಗುತ್ತದೆ. ಅಟ್ಟದ ಮೇಲಿನ ಕಾಗದ ಮಾತ್ರ ಒಟ್ಟಾಗಿ ತಕ್ಕಡಿಗೆ ಬೀಳುತ್ತದೆ. ಹಳೆ ಪಂಚಾಂಗ, ಯಕ್ಷಗಾನ ಪ್ರಸಂಗ, ಶಾಲೆಯ ಪಾಠಪುಸ್ತಕ, ತೀರ್ವೆ ರಶೀದಿ. ನಡುವೆ ಎಲ್ಲೋ ಅಜ್ಜನ ಮದ್ದಿನ ಪುಸ್ತಕ.

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಇದನ್ನು ರದ್ದಿ ಎನ್ನುತ್ತಾರೆ, ಇಲ್ಲಿ ಗುಜರಿ. ಹೆಸರು ಬೇರೆ, ತಕ್ಕಡಿ ಒಂದೇ. ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಮೊಮ್ಮಕ್ಕಳಲ್ಲಿ ಅನೇಕರು ಮಲಯಾಳಂ, ಮರಾಠಿ, ತಮಿಳು, ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು. ಅಜ್ಜನ ಕೈಬರಹ ಬಿಡಿ, ಅಚ್ಚಾದ ಕನ್ನಡ ಓದುವುದಕ್ಕೂ ತಡವರಿಸುವವರಿದ್ದಾರೆ. ಓದಲಿಕ್ಕೆ ಬಾರದ್ದು ಮನೆಯಲ್ಲಿ ಯಾಕೆ ಎಂಬ ಮಾತು ಒಮ್ಮೆ ಬಂತೆಂದರೆ ಆ ಪುಸ್ತಕದ ಆಯುಷ್ಯ ಮುಗಿದ ಹಾಗೆ.

ಎಲ್ಲವನ್ನೂ ಇಟ್ಟುಕೊಳ್ಳಿ ಎನ್ನುವಂತಿಲ್ಲ. ಫ್ಲಾಟಿನಲ್ಲಿ ಜಾಗ ಎಲ್ಲಿಂದ ತರುವುದು? ಆದರೆ ಮದ್ದಿನ ಪುಸ್ತಕವನ್ನು, ಅದರಲ್ಲೂ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದಲೋ ಮಸಿಯಿಂದಲೋ ಏನಾದರೂ ಬರೆದಿಟ್ಟ ಪುಸ್ತಕವನ್ನು, ತೂಕಕ್ಕೆ ಹಾಕುವ ಮುನ್ನ ಐದು ನಿಮಿಷ ಬಿಡಿಸಿ ನೋಡಬೇಕು. ಹಳೆ ಪುಸ್ತಕ ಸಂಗ್ರಹಿಸುವವರ ಲೋಕದಲ್ಲಿ 2024ರಲ್ಲಿ ನಡೆದ ಒಂದು ಮಾರಾಟವೇ ಇದಕ್ಕೆ ಸಾಕ್ಷಿ.

ಗೀಚಿದ ಪುಸ್ತಕಕ್ಕೆ 22 ಲಕ್ಷ ಡಾಲರ್

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಎಂಬಾತನದ್ದು ದೊಡ್ಡ ಹೆಸರು. ಹೆಣವನ್ನು ಸ್ವತಃ ಕೊಯ್ದು ನೋಡಿ, ಸಾವಿರಕ್ಕೂ ಹೆಚ್ಚು ವರ್ಷದಿಂದ ನಡೆದು ಬಂದ ಅಂಗರಚನೆಯ ತಪ್ಪುಗಳನ್ನು ತಿದ್ದಿದವನು. ಅವನ ದೊಡ್ಡ ಚಿತ್ರಗ್ರಂಥ 1543ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಅಚ್ಚಾಯಿತು. ಬಾಸೆಲ್ ಎಂದರೆ ಕರಾವಳಿಯವರಿಗೆ ಹೊಸ ಹೆಸರಲ್ಲ. ಮಂಗಳೂರಿನಲ್ಲಿ 1841ರಲ್ಲಿ ಅಚ್ಚುಕೂಟ ತೆರೆದ ಬಾಸೆಲ್ ಮಿಶನ್ ಅದೇ ಊರಿನದು.

ಆ ಗ್ರಂಥದ ಎರಡನೇ ಆವೃತ್ತಿ 1555ರಲ್ಲಿ ಬಂತು. ಅದರ ಒಂದು ಪ್ರತಿಯನ್ನು ಕೆನಡಾದ ಒಬ್ಬ ವೈದ್ಯರು 2007ರಲ್ಲಿ ಜರ್ಮನಿಯ ಹರಾಜಿನಲ್ಲಿ ಕೊಂಡರು. ಪುಟಪುಟದಲ್ಲೂ ಲ್ಯಾಟಿನ್ ಭಾಷೆಯಲ್ಲಿ ಯಾರೋ ಗೀಚಿದ್ದರು. ಸಾಲು ಹೊಡೆದು ಹಾಕಿ ಮೇಲೆ ಬೇರೆ ಮಾತು ಬರೆದಿದ್ದರು. ಯಾವನೋ ವಿದ್ಯಾರ್ಥಿಯ ಕೆಲಸ ಎಂದು ಬಿಟ್ಟುಬಿಡಬಹುದಿತ್ತು. ಕೊಂಡವರು ಬಿಡಲಿಲ್ಲ. ಅಕ್ಷರ ಹೋಲಿಸಿ ನೋಡಿದಾಗ ಅದು ಸ್ವತಃ ವೆಸಾಲಿಯಸನ ಕೈಬರಹ ಎಂದು ತಿಳಿಯಿತು. ಮೂರನೇ ಆವೃತ್ತಿಗೆಂದು ತನ್ನ ಪುಸ್ತಕವನ್ನು ತಾನೇ ತಿದ್ದುತ್ತಿದ್ದ. 1564ರಲ್ಲಿ ಸತ್ತುಹೋದ, ಆ ಆವೃತ್ತಿ ಬರಲೇ ಇಲ್ಲ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಆ ಪ್ರತಿಗೆ 22 ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಬಂತು. ಕೊಂಡದ್ದು ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯ. ವೆಸಾಲಿಯಸ್ ಓದಿದ ಊರು ಅದು.

ನಮ್ಮ ಅಟ್ಟದಲ್ಲಿ ವೆಸಾಲಿಯಸ್ ಸಿಕ್ಕಲಿಕ್ಕಿಲ್ಲ. ಡಾಲರಿನ ಆಸೆಯೂ ಬೇಡ. ಆದರೆ ಅಂಚಿನ ಬರಹ ಅಂದರೆ ಕೊಳೆ, ಅದರಿಂದ ಪುಸ್ತಕ ಹಾಳಾಯಿತು ಎಂಬ ಎಣಿಕೆ ತಪ್ಪು ಎಂಬಷ್ಟು ಇದರಿಂದ ತಿಳಿಯುತ್ತದೆ.

ಒಂದು ಗಿಡ, ಐದು ಹೆಸರು

ಗಡಿನಾಡಿನ ವೈದ್ಯರು ಮದ್ದಿನ ಪುಸ್ತಕದ ಅಂಚಿನಲ್ಲಿ ಏನು ಬರೆದಿರಬಹುದು? ಮುಖ್ಯವಾಗಿ ಗಿಡದ ಹೆಸರು. ಪುಸ್ತಕದಲ್ಲಿ ಸಂಸ್ಕೃತದಲ್ಲಿ ‘ವಾಸಾ’ ಎಂದಿದ್ದರೆ, ಗಿಡ ತರಲು ಕಾಡಿಗೆ ಹೋಗುವವನಿಗೆ ಅದು ಗೊತ್ತಾಗಬೇಕಲ್ಲ? ಕನ್ನಡದಲ್ಲಿ ಅದು ಆಡುಸೋಗೆ. ಕಾಸರಗೋಡಿನಲ್ಲಿ ಪಕ್ಕದ ಮನೆಯವರು ಹೇಳುವುದು ಆಡಲೋಡಗಂ. ತಾಳವಾಡಿ, ಹೊಸೂರಿನಲ್ಲಿ ಆಡಾದೋಡೈ. ಮಡಕಶಿರಾದ ತೆಲುಗರಿಗೆ ಅಡ್ಡಸರಂ. ಜತ್ತಿನ ಮರಾಠಿ ಮನೆಗಳಲ್ಲಿ ಅಡುಳಸಾ. ಅಮೃತಬಳ್ಳಿಯ ಕಥೆಯೂ ಹೀಗೆಯೇ: ಮಲಯಾಳದಲ್ಲಿ ಚಿಟ್ಟಮೃತು, ತೆಲುಗಿನಲ್ಲಿ ತಿಪ್ಪತೀಗೆ, ಮರಾಠಿಯಲ್ಲಿ ಗುಳವೇಲ.

ಎರಡು ಮೂರು ಭಾಷೆ ಆಡುವ ಊರಿನಲ್ಲಿ ಕೂತ ವೈದ್ಯನಿಗೆ ಈ ಹೊಂದಾಣಿಕೆ ದಿನನಿತ್ಯದ ಕೆಲಸ. ಕೆಲವು ಹೆಸರು ಹತ್ತೂರಿಗೆ ಮಾತ್ರ ಸೀಮಿತ, ಯಾವ ನಿಘಂಟಿನಲ್ಲೂ ಇರುವುದಿಲ್ಲ. ಅಂಥ ಹೆಸರು ಉಳಿದಿದ್ದರೆ ಉಳಿದಿರುವುದು ಈ ಅಂಚುಗಳಲ್ಲೇ. ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದು ಪ್ರಪಂಚದ ಅಪರೂಪದ ಪುಸ್ತಕಗಳ ಸಾಲಿಗೆ ಸೇರಿದ್ದೂ ಕೇರಳದ ಈ ಕರಾವಳಿಯಲ್ಲೇ.

ಅದರ ಹೆಸರು ‘ಹೋರ್ತುಸ್ ಮಲಬಾರಿಕುಸ್’, ಅಂದರೆ ಮಲಬಾರಿನ ಸಸ್ಯತೋಟ. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ್ದು. 1678ರಿಂದ 1693ರ ತನಕ ಆಮ್‌ಸ್ಟರ್ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. 700ಕ್ಕೂ ಹೆಚ್ಚು ಗಿಡಮರಗಳು, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರಗಳು, ಯಾವ ಗಿಡ ಯಾವ ಕಾಯಿಲೆಗೆ ಎಂಬ ವಿವರ. ಬರಹ ಲ್ಯಾಟಿನಿನದು. ಆದರೂ ಹಲವು ಚಿತ್ರಗಳ ಮೇಲೆ ಗಿಡದ ಹೆಸರನ್ನು ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲೂ ಕೆತ್ತಿದ್ದಾರೆ. ಸ್ವೀಡನ್ನಿನ ಲಿನ್ನೇಯಸ್ ಮುಂದೆ ಗಿಡಗಳಿಗೆ ವೈಜ್ಞಾನಿಕ ಹೆಸರಿಡುವಾಗ ಇದನ್ನೇ ಆಧಾರವಾಗಿ ಇಟ್ಟುಕೊಂಡ. ವಾನ್ ರೀಡ್ ಮಾತ್ರ ಕೊನೆಯ ಸಂಪುಟ ನೋಡಲಿಲ್ಲ. 1691ರಲ್ಲಿ ಸೂರತ್ತಿಗೆ ಹೋಗುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡ.

ಈ ಪುಸ್ತಕಕ್ಕೆ ಜ್ಞಾನ ಕೊಟ್ಟವರು ಯಾರು? ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್. ಜತೆಗೆ ಕೊಚ್ಚಿಯ ಮೂವರು ಕೊಂಕಣಿಗರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಇವರೆಲ್ಲ 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಅಚ್ಚಾಗಿವೆ. ಇಟ್ಟಿ ಅಚ್ಯುತನದ್ದು ಕೋಲೆಳುತ್ತಿನಲ್ಲಿ, ಮೂವರದ್ದು ನಾಗರಿ ಲಿಪಿಯ ಕೊಂಕಣಿಯಲ್ಲಿ. ಕಾಸರಗೋಡು, ಮಂಜೇಶ್ವರದ ಕೊಂಕಣಿ ಮನೆಯವರು ಒಮ್ಮೆ ನೋಡಲೇಬೇಕಾದ ಪುಟ ಅದು. ಅದಕ್ಕಾಗಿ ಲಕ್ಷಗಟ್ಟಲೆ ಸುರಿಯಬೇಕಾಗಿಲ್ಲ; ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತದೆ. ಲ್ಯಾಟಿನ್ ಬಾರದವರಿಗೆ ದಾರಿ ಮಾಡಿಕೊಟ್ಟವರು ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್. ದಶಕಗಟ್ಟಲೆ ದುಡಿದು ಅವರು ಮಾಡಿದ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ, ಮಲಯಾಳಂ ಅನುವಾದವನ್ನು 2008ರಲ್ಲಿ ಹೊರತಂದಿತು. ಮಣಿಲಾಲ್ 2025ರ ಜನವರಿ 1ರಂದು ತೀರಿಕೊಂಡರು.

ಗೋವಾದ 1563, ಸೊಲ್ಲಾಪುರದ 1940

ಇದಕ್ಕೂ ನೂರು ವರ್ಷ ಹಿಂದೆ ಗೋವಾದಲ್ಲೇ ಒಂದು ಮದ್ದಿನ ಪುಸ್ತಕ ಅಚ್ಚಾಗಿತ್ತು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1534ರಲ್ಲಿ ಗೋವಾಕ್ಕೆ ಬಂದು ಅಲ್ಲಿಯೇ ನೆಲೆಸಿದ. ಈ ನೆಲದ ಮದ್ದು, ಸಾಂಬಾರ ಪದಾರ್ಥ, ಹಣ್ಣುಹಂಪಲು, ಕಾಲರಾ ಕಾಯಿಲೆ ಎಲ್ಲವನ್ನೂ ಇಬ್ಬರ ಮಾತುಕತೆಯ ರೂಪದಲ್ಲಿ ಬರೆದ. 1563ರಲ್ಲಿ ಪುಸ್ತಕ ಬಂತು. ಗೋವಾಕ್ಕೆ ಅಚ್ಚುಯಂತ್ರ ಬಂದು ಆಗ ಏಳೇ ವರ್ಷ. ಅಚ್ಚಿನ ತಪ್ಪುಗಳು ತುಂಬ. ಆದರೂ ನಾಲ್ಕೇ ವರ್ಷದಲ್ಲಿ, 1567ರಲ್ಲಿ, ಅದರ ಲ್ಯಾಟಿನ್ ಸಂಗ್ರಹ ಯುರೋಪಿನ ವೈದ್ಯರ ಕೈ ಸೇರಿತು.

ಬರೆದವನ ಗತಿ ಕೆಟ್ಟದಾಯಿತು. ಅವನದು ಯಹೂದಿ ಮೂಲದ ಕುಟುಂಬ. 1568ರಲ್ಲಿ ಅವನು ಸತ್ತ ಮರುವರ್ಷ ಗೋವಾದ ಇನ್ಕ್ವಿಸಿಷನ್ ನ್ಯಾಯಾಲಯ ಅವನ ತಂಗಿಯನ್ನು ಸುಡಿಸಿತು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು. ಮೊದಲ ಮುದ್ರಣದ ಪ್ರತಿಗಳು ಇಂದು ಜಗತ್ತಿನಲ್ಲಿ ತೀರಾ ಕಡಿಮೆ. ಪಣಜಿಯಲ್ಲಿ ಅವನ ಹೆಸರಿನ ಉದ್ಯಾನವೊಂದಿದೆ, ಗೋವಾ ಕನ್ನಡಿಗರಿಗೆ ಗುರುತಿನ ಜಾಗ. ಇಂಗ್ಲಿಷಿನಲ್ಲಿ ಓದಬೇಕೆಂದರೆ 1913ರ ಮಾರ್ಕಮ್ ಅನುವಾದ ಉಂಟು.

ಇವು ಹರಾಜುಕಟ್ಟೆಯ ದೊಡ್ಡ ಹೆಸರುಗಳಾದವು. ಗಡಿನಾಡಿನ ಸಂಗ್ರಾಹಕ ಹುಡುಕಬೇಕಾದ್ದು ಬೇರೆ, ಸಣ್ಣ ಅಚ್ಚುಕೂಟಗಳು, ಗ್ರಂಥಮಾಲೆಗಳು ಒಂದೇ ಸಲ ತಂದು ಮರೆತುಬಿಟ್ಟ ಪುಸ್ತಕಗಳು. ಸೊಲ್ಲಾಪುರದಲ್ಲಿ 1940ರಲ್ಲಿ ಪ್ರಕಟವಾದ ಉಗ್ರಾದಿತ್ಯನ ‘ಕಲ್ಯಾಣಕಾರಕ’ ಅಂಥದ್ದು. ಜೈನ ವೈದ್ಯನ ಸಂಸ್ಕೃತ ಗ್ರಂಥ. ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ವಿರುದ್ಧ ಮಾಡಿದ ವಾದವೂ ಅದರಲ್ಲಿದೆ. ಆ ನೃಪತುಂಗ ರಾಷ್ಟ್ರಕೂಟ ಅಮೋಘವರ್ಷನೇ ಎಂದು ವಿದ್ವಾಂಸರ ಮತ. ಕರ್ನಾಟಕದ ಅರಸನ ಸಭೆಯ ಮಾತು ಸೊಲ್ಲಾಪುರದಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದಿ ಅನುವಾದದೊಂದಿಗೆ ನಾಗರಿ ಅಚ್ಚಿನಲ್ಲಿ ಬಂತು. ಹಾಗಾಗಿ ಕನ್ನಡ ಮನೆಯಲ್ಲಿ ಅದು ಸಿಕ್ಕರೂ ‘ಯಾವುದೋ ಹಿಂದಿ ಪುಸ್ತಕ’ ಎಂದು ರದ್ದಿಗೆ ಹೋಗುವ ಸಂಭವವೇ ಹೆಚ್ಚು.

ಎರಡೇ ವರ್ಷ ಬಿಟ್ಟು, 1942ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ಪ್ರಕಟಿಸಿತು. 14ನೇ ಶತಮಾನದ ಕನ್ನಡ ಕಾವ್ಯ, ವಿಷಯ ಪೂರ್ತಿ ವಿಷವೈದ್ಯ. ಆಗ ಕಾಸರಗೋಡೂ ಮದ್ರಾಸ್ ಪ್ರಾಂತದಲ್ಲೇ ಇದ್ದುದರಿಂದ ಈ ಕಡೆಯ ಪಂಡಿತರ ಮನೆಗೆ ಪ್ರತಿ ಬಂದಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ಚರಿತ್ರೆಯ ಪುಸ್ತಕ, ಚಿಕಿತ್ಸೆಯ ಪುಸ್ತಕ ಅಲ್ಲ. ಹಾವು ಕಚ್ಚಿದರೆ ಪುಸ್ತಕ ಬಿಡಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಓಡಬೇಕು, ಮದ್ದು ಇರುವುದು ಅಲ್ಲಿಯ ಚುಚ್ಚುಮದ್ದಿನಲ್ಲಿ. ಪಾದರಸ, ಪಾಷಾಣ ಸೇರಿದ ಹಳೆ ಪಾಕಗಳನ್ನು ಮನೆಯಲ್ಲಿ ಮಾಡಿ ನೋಡುವುದೂ ಅಪಾಯವೇ.

ಹಳತೆಲ್ಲ ಅಪರೂಪವಲ್ಲ

ಬಣ್ಣ ಹಳದಿಯಾಗಿದೆ ಎಂದ ಕೂಡಲೇ ಬೆಲೆ ಬರುವುದಿಲ್ಲ. ಗ್ರೇ ಬರೆದ ‘ಅನಾಟಮಿ’ 1858ರ ಮೊದಲ ಮುದ್ರಣವಾದರೆ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಕಾಲೇಜಿನ ಹುಡುಗರು ಓದಿ ಸವೆಸಿದ ಈಚಿನ ಆವೃತ್ತಿಗಳು ಪ್ರಪಂಚದ ತುಂಬ ಇವೆ. ಮೊದಲು ನೋಡಬೇಕಾದ್ದು ಶೀರ್ಷಿಕೆಯ ಪುಟ, ಅದರ ಹಿಂಬದಿ. ಅಚ್ಚುಕೂಟ, ಊರು, ಇಸವಿ, ಎಷ್ಟನೇ ಮುದ್ರಣ ಎಂಬುದೆಲ್ಲ ಅಲ್ಲಿರುತ್ತದೆ. ಹಾಗೆಂದು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಂಥ ಪುಸ್ತಕಗಳು ದಿಲ್ಲಿಯಿಂದ ಫೋಟೋ ಮುದ್ರಣವಾಗಿ ಮತ್ತೆ ಬಂದಿವೆ. ಹಳೆ ಇಸವಿ ಒಳಗೆ ಹಾಗೆಯೇ ಇರುತ್ತದೆ, ಪುಸ್ತಕ ಹೊಸದು! ಮೊಳೆ ಜೋಡಿಸಿ ಒತ್ತಿದ ಹಳೆ ಅಚ್ಚಾದರೆ ಪುಟದ ಹಿಂಬದಿಗೆ ಬೆರಳು ಸವರಿದಾಗ ಅಕ್ಷರದ ಉಬ್ಬು ಹಲವು ಸಲ ತಿಳಿಯುತ್ತದೆ. ಫೋಟೋ ಮುದ್ರಣದಲ್ಲಿ ಪುಟ ನುಣ್ಣಗೆ.

ಬೆಂಗಳೂರಿನ ಅವೆನ್ಯೂ ರಸ್ತೆ, ಹೈದರಾಬಾದಿನ ಅಬಿಡ್ಸಿನ ಭಾನುವಾರದ ಸಂತೆಗಳಲ್ಲಿ ಅಲೆದ ಅನುಭವಿಗಳು ಇನ್ನೊಂದನ್ನೂ ನೋಡುತ್ತಾರೆ: ಪುಟ ಎಣಿಸುತ್ತಾರೆ. ಚಿತ್ರದ ಪುಟ ಕಿತ್ತುಹೋಗಿದ್ದರೆ ಬೆಲೆ ಅರ್ಧಕ್ಕೂ ಇಳಿಯುತ್ತದೆ. ಕೈಬರಹ ಇದ್ದರೆ ಮಾತ್ರ ಪುಟ ಹರಿದಿದ್ದರೂ ಬಿಡಬಾರದು.

ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ದೊಡ್ಡ ಶತ್ರು ನಮ್ಮ ಮಳೆಗಾಲ. ಹಿಂದೆ ತಾಳೆಗರಿಯ ಕಟ್ಟುಗಳನ್ನು ಅಡುಗೆಮನೆಯ ಅಟ್ಟದಲ್ಲಿಡುತ್ತಿದ್ದರು, ಹೊಗೆಗೆ ಹುಳ ಬರುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲು ಹೋಯಿತು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ, ಗಾಳಿಯಾಡುವ ಕಪಾಟಿನಲ್ಲಿಡುವುದು ಒಳ್ಳೆಯದು. ಬಿಸಿಲಿಗೆ ಒಣಗಿಸಬಾರದು. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಿದರೆ ಕೆಲವು ವರ್ಷದಲ್ಲಿ ಅದರ ಅಂಟು ಕಂದು ಬಣ್ಣವಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಇಟ್ಟುಕೊಳ್ಳಲಾಗದವರು ಕೊಡುವುದಾದರೂ ಎಲ್ಲಿಗೆ? ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕ ಸಂಗ್ರಹ ಉಡುಪಿಯ ಎಂಜಿಎಂ ಕಾಲೇಜನ್ನು ಸೇರಿ, ಅಲ್ಲಿ ಅವರ ಹೆಸರಿನಲ್ಲೇ ಸಂಶೋಧನ ಕೇಂದ್ರ ನಡೆಯುತ್ತಿದೆ. ತಾಳೆಗರಿ, ಕೈಬರಹದ ಕಟ್ಟುಗಳಿಗೆ ಕೇಂದ್ರ ಸರಕಾರ 2025ರಲ್ಲಿ ಘೋಷಿಸಿದ ಜ್ಞಾನ ಭಾರತಂ ಯೋಜನೆ ಉಂಟು. 75 ವರ್ಷ ದಾಟಿದ ಬೆಲೆಬಾಳುವ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯಿದೆಯ ಅಡಿ ಬರುತ್ತವೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗನಿಗೆ ನೆನಪಿಗೆಂದು ಕಳಿಸುವಂತಿಲ್ಲ.

ಪುಸ್ತಕ ಬಿಟ್ಟುಕೊಡಲು ಮನಸ್ಸಿಲ್ಲದವರು ಮೊಬೈಲಿನಲ್ಲಿ ಪುಟಪುಟದ ಫೋಟೋ ತೆಗೆದಿಟ್ಟರೂ ಆಗುತ್ತದೆ. ಅಂಚು ಕತ್ತರಿಸದೆ ಪೂರ್ತಿ ಪುಟ ಬರಬೇಕು. ಬರೆದವರು ತೀರಿಕೊಂಡು 60 ವರ್ಷ ಕಳೆದ ಪುಸ್ತಕವಾದರೆ ಹಂಚಲಿಕ್ಕೂ ಕಾನೂನಿನ ಅಡ್ಡಿಯಿಲ್ಲ. ಅಜ್ಜನ ಅಕ್ಷರ ಓದಲಿಕ್ಕೆ ಬರುವ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಚಿನ ಮಾತುಗಳನ್ನು ಓದಿಸಿ, ಬೇರೆ ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಗ್ರಂಥಾಲಯಕ್ಕೆ ಕೊಡುವಾಗ ಆ ಹಾಳೆಯನ್ನೂ ಪುಸ್ತಕದ ಜತೆ ಇಟ್ಟು, ಯಾವ ಊರು, ಯಾವ ಮನೆ, ಯಾರ ಕೈಬರಹ ಎಂಬುದನ್ನು ಪೆನ್ಸಿಲಿನಲ್ಲಿ ನಮೂದಿಸಿ, ರಶೀದಿ ಕೇಳಿ ತೆಗೆದುಕೊಳ್ಳಬೇಕು.